ಲೇಬಲ್ ಮೇಲೆ 'ಸ್ಮಾಲ್ ಬ್ಯಾಚ್' ಅಂತಿರೋ ರಮ್: ತಯಾರಿಕೆಯಲ್ಲಿ ನಿಜಕ್ಕೂ ಬೇರೆ ಏನಿರುತ್ತೆ?

ಮೊದಲ_ಗುಟುಕು
ಎರಡು ರಮ್ ಬಾಟಲಿ ಪಕ್ಕಪಕ್ಕ ಇಟ್ಕೊಂಡು ರುಚಿ ನೋಡಿದೆ. ಎರಡರ ಮೇಲೂ 'ಪ್ರೀಮಿಯಂ', 'ಸ್ಮಾಲ್ ಬ್ಯಾಚ್' ಅಂತ ಚಿನ್ನದ ಅಕ್ಷರ. ಮೊದಲನೆಯದು ವೆನಿಲ್ಲಾ ಪಾಕದ ಥರ ನಾಲಗೆಗೆ ಅಂಟಿಕೊಂಡಿತು. ಎರಡನೆಯದರ ಮುಚ್ಚಳ ತೆಗೆದ ಕೂಡಲೇ ಕಳಿತ ಬಾಳೆಹಣ್ಣು, ಅನಾನಸ್, ಅದರ ಹಿಂದೆಯೇ ಅಂಟಿನ ಡಬ್ಬಿಯ ವಾಸನೆ! ಎರಡೂ ಕಬ್ಬಿನ ಮಕ್ಕಳೇ, ಎರಡೂ ಓಕ್ ಪೀಪಾಯಿಯಲ್ಲಿ ಮಲಗಿ ಎದ್ದು ಬಂದವು. ಹಾಗಾದ್ರೆ ಇಷ್ಟೊಂದು ಅಂತರ ಎಲ್ಲಿಂದ ಬಂತು? ಸಣ್ಣ ಪ್ರಮಾಣದಲ್ಲಿ ಮಾಡೋರು ದೊಡ್ಡವರಿಗಿಂತ ಬೇರೆ ಏನು ಮಾಡ್ತಾರೆ? ಜಾಹೀರಾತಿನ ಮಾತು ಓದಿ ಓದಿ ಸಾಕಾಗಿದೆ. ಕೆಲಸ ಬಲ್ಲವರು ಹೇಳಿ.

ಒಂದೇ_ಸಾಲು
'ಸ್ಮಾಲ್ ಬ್ಯಾಚ್'ಗೆ ಕಾನೂನಿನ ಅಳತೆ ಇಲ್ಲ. ಎರಡು ಪೀಪಾಯಿ ಬೆರೆಸಿದರೂ ಅದೇ ಪದ, ಇನ್ನೂರು ಬೆರೆಸಿದರೂ ಅದೇ ಪದ.

ಪೀಪಾಯಿ_ಪಕ್ಷ
ಮೇಲಿನವರು ಹೇಳಿದ್ದು ಸರಿ. ಆದರೆ ಅಂತರ ಎಲ್ಲಿಂದ ಅಂದ್ರೆ ನನ್ನ ಉತ್ತರ ಒಂದೇ: ಪೀಪಾಯಿ. ಭಟ್ಟಿಯಿಂದ ಇಳಿದಾಗ ರಮ್ ನೀರಿನಷ್ಟು ತಿಳಿ. ಬಣ್ಣ, ವೆನಿಲ್ಲಾ, ತೆಂಗಿನಕಾಯಿಯ ಸುಳಿವು, ಮಸಾಲೆ ಎಲ್ಲ ಮರದಿಂದ ಬರೋದು. ಅಮೆರಿಕದ ಬರ್ಬನ್‌ಗೆ ಒಳಗೆ ಸುಟ್ಟ ಹೊಸ ಓಕ್ ಪಾತ್ರೆಯೇ ಆಗಬೇಕು ಅಂತ ನಿಯಮ ಇದೆ. ಹಾಗಾಗಿ ಅವರು ಒಮ್ಮೆ ಬಳಸಿ ಬಿಟ್ಟ ಸುಮಾರು 200 ಲೀಟರ್‌ನ ಪೀಪಾಯಿಗಳು ರಮ್ ಮಾಡೋರ ಕೈಸೇರ್ತವೆ. ಒಳ್ಳೆ ಪೀಪಾಯಿ ಆರಿಸೋನು ಒಳ್ಳೆ ರಮ್ ಮಾಡ್ತಾನೆ. ರುಚಿಯ ಮುಕ್ಕಾಲು ಪಾಲು ಮರದ್ದೇ.

ಹುದುಗು_ಮನೆ
ಮುಕ್ಕಾಲು ಪಾಲು ಮರದ್ದು ಅನ್ನೋದನ್ನ ನಾನು ಒಪ್ಪಲ್ಲ. ಏಳು ವರ್ಷ ಹುದುಗು ವಿಭಾಗದಲ್ಲೇ ಕೆಲಸ ಮಾಡಿದವನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಆ ಅನಾನಸ್ ವಾಸನೆ ಯಾವ ಮರದಲ್ಲೂ ಇಲ್ಲ. ಅದು ಹುಟ್ಟಿದ್ದು ತೊಟ್ಟಿಯಲ್ಲಿ. ರಮ್ ಮಾಡೋದು ಹೆಚ್ಚಾಗಿ ಕಾಕಂಬಿಯಿಂದ, ಅಂದ್ರೆ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕದಿಂದ. ಅದರಲ್ಲಿ ಅರ್ಧದಷ್ಟು ಸಕ್ಕರೆಯೇ. ಹಾಗೇ ಬಿಟ್ಟರೆ ಅಷ್ಟು ಗಟ್ಟಿ ಪಾಕದಲ್ಲಿ ಯೀಸ್ಟ್ ಉಸಿರಾಡೋಕೂ ಆಗಲ್ಲ. ನೀರು ಬೆರೆಸಿ ತೆಳು ಮಾಡಿ, ಹುಳಿಯ ಮಟ್ಟ ಸರಿಮಾಡಿ, ಯೀಸ್ಟ್ ಬಿಡ್ತೀವಿ. ಹಗುರ ರಮ್ ಬೇಕಾದೋರು ಚುರುಕಾದ ಯೀಸ್ಟ್ ಹಾಕಿ 24ರಿಂದ 48 ಗಂಟೆಯಲ್ಲಿ ಮುಗಿಸಿ ಭಟ್ಟಿಗೆ ಕಳಿಸ್ತಾರೆ. ಭಾರದ ರಮ್ ಬೇಕಾದೋರು ಒಂದು ವಾರ, ಎರಡು ವಾರ, ಕೆಲವರು ಇನ್ನೂ ಹೆಚ್ಚು ಬಿಡ್ತಾರೆ. ಯೀಸ್ಟ್ ತನ್ನ ಕೆಲಸ ಮುಗಿಸಿ ಸುಸ್ತಾದ ಮೇಲೆ ಬ್ಯಾಕ್ಟೀರಿಯಾ ಎದ್ದೇಳುತ್ತೆ, ಆಮ್ಲ ಮಾಡುತ್ತೆ. ಆಮ್ಲ, ಆಲ್ಕೋಹಾಲ್ ಎರಡೂ ಸೇರಿದರೆ ಎಸ್ಟರ್, ಅಂದ್ರೆ ವಾಸನೆ ಕೊಡೋ ವಸ್ತು. ಬ್ಯುಟಿರಿಕ್ ಆಮ್ಲ ಒಂಟಿಯಾಗಿದ್ದರೆ ವಾಂತಿಯ ನಾತ, ಕಮಟು ಬೆಣ್ಣೆಯ ನಾತ. ಅದೇ ಎಥನಾಲ್ ಜೊತೆ ಕೂಡಿದರೆ ಈಥೈಲ್ ಬ್ಯುಟಿರೇಟ್, ಅಂದ್ರೆ ನಿಮ್ಮ ಅನಾನಸ್! ಅಂಟಿನ ಡಬ್ಬಿ ಅಂದಿರಲ್ಲ, ಅದು ಈಥೈಲ್ ಅಸಿಟೇಟ್. ಬಾಳೆಹಣ್ಣು ಐಸೋಅಮೈಲ್ ಅಸಿಟೇಟ್. ಇದೆಲ್ಲ ಪೀಪಾಯಿ ಮುಟ್ಟೋ ಮೊದಲೇ ಆಗಿಹೋಗಿರುತ್ತೆ.

ದೊಡ್ಡ ಕಾರ್ಖಾನೆಗೆ ತೊಟ್ಟಿ ಎರಡು ವಾರ ಸುಮ್ಮನೆ ಕೂರೋದು ನಷ್ಟ. ಆ ದಿನಗಳನ್ನ ಕೊಡೋಕೆ ತಯಾರಿರೋನೇ ನನ್ನ ಲೆಕ್ಕದಲ್ಲಿ ಸಣ್ಣ ಬ್ಯಾಚ್‌ನವನು.

ಕಬ್ಬಿನ_ಗರಿ
ಹುದುಗು_ಮನೆ ಅವರಿಗೆ ನಮಸ್ಕಾರ, ಕಣ್ಣು ತೆರೆಸಿದಿರಿ. ಒಂದು ಸೇರಿಸ್ತೀನಿ: ಎಲ್ಲ ರಮ್ ಕಾಕಂಬಿಯದಲ್ಲ. ಕೆರಿಬಿಯನ್‌ನ ಮಾರ್ಟಿನೀಕ್ ದ್ವೀಪದಲ್ಲಿ ಕಬ್ಬಿನ ಹಾಲಿನಿಂದಲೇ ಮಾಡ್ತಾರೆ, ರಮ್ ಅಗ್ರಿಕೋಲ್ ಅಂತ. 1996ರಿಂದ ಅದಕ್ಕೆ ಫ್ರಾನ್ಸ್‌ನ ಎಒಸಿ ಮಾನ್ಯತೆ ಇದೆ, ಅಂದ್ರೆ ಇಂಥ ಜಾಗದ್ದು, ಇಂಥ ವಿಧಾನದ್ದು ಅನ್ನೋ ಗುರುತು. ಒಂದೇ ಕಾಲಂನ (ಎತ್ತರದ ಕಂಬದಂಥ) ಭಟ್ಟಿ, ಇಳಿಯೋ ಸ್ಪಿರಿಟ್‌ನಲ್ಲಿ ಆಲ್ಕೋಹಾಲ್ ಶೇ. 65ರಿಂದ 75ರ ಒಳಗೇ ಇರಬೇಕು, 'ವ್ಯೂ' (ಹಳೆಯದು) ಅನ್ನಬೇಕಾದರೆ ಮರದಲ್ಲಿ ಕನಿಷ್ಠ 3 ವರ್ಷ. ಹಸಿ ಹುಲ್ಲು ಕೊಯ್ದ ಹೊಲದ ವಾಸನೆ ಬರುತ್ತೆ ಅದರಲ್ಲಿ. ಕಾಕಂಬಿ ರಮ್ ಅದರ ಮುಂದೆ ಸಕ್ಕರೆ ಕಾರ್ಖಾನೆಯ ಉಳಿಕೆ ಅಷ್ಟೇ. ಉಳಿಕೆಯಿಂದ 'ಪ್ರೀಮಿಯಂ' ಹೇಗೆ ಬರುತ್ತೆ?

ಹುದುಗು_ಮನೆ
ಉಳಿಕೆ ಅಂದ ಮಾತ್ರಕ್ಕೆ ಕೀಳಲ್ಲ. ಕಾಕಂಬಿಯಲ್ಲಿ ಕುದಿದು ಕುದಿದು ಗಟ್ಟಿಯಾದ ಖನಿಜ, ಆಮ್ಲ, ಕಂದು ಬಣ್ಣದ ರುಚಿಯಂಶ ಬೇಕಾದಷ್ಟಿದೆ. ಕಬ್ಬಿನ ಹಾಲಿನಲ್ಲಿ ಅದಿಲ್ಲ, ಬೇರೆ ಇದೆ. ಎರಡೂ ಬೇರೆ ಕಚ್ಚಾವಸ್ತು, ಮೇಲು ಕೀಳಿನ ಪ್ರಶ್ನೆಯೇ ಬರಲ್ಲ.

ಆಲೆಮನೆ_ನೆನಪು
ಕಬ್ಬಿನ ಹಾಲಿನ ಕಷ್ಟ ಏನಂದ್ರೆ ಅದು ಕಾಯೋದಿಲ್ಲ. ಕಡಿದ ಕಬ್ಬನ್ನ ಒಂದೆರಡು ದಿನದೊಳಗೆ ಅರೆಯಲೇಬೇಕು, ಅರೆದ ಹಾಲು ಗಂಟೆಗಳಲ್ಲೇ ಹುಳಿಯೋಕೆ ಶುರು. ಕಾಕಂಬಿಯನ್ನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಇಡಬಹುದು, ಹಡಗಲ್ಲಿ ಬೇರೆ ದೇಶಕ್ಕೂ ಕಳಿಸಬಹುದು. ಅದಕ್ಕೇ ಹಾಲಿನ ರಮ್ ಮಾಡೋರು ಹೊಲಕ್ಕೆ ಅಂಟಿಕೊಂಡೇ ಇರ್ತಾರೆ, ಕಟಾವಿನ ಕಾಲದಲ್ಲಷ್ಟೇ ಭಟ್ಟಿ ಹೊತ್ತಿಸ್ತಾರೆ. ಹೈಟಿಯ ಕ್ಲೆರನ್ ಕೂಡ ಕಬ್ಬಿನ ಹಾಲಿನದೇ, ಗಾಳಿಯಲ್ಲಿರೋ ಕಾಡು ಯೀಸ್ಟ್ ನಂಬಿ ಮಾಡೋದು. ಒಮ್ಮೆ ರುಚಿ ನೋಡಿದರೆ ಮರೆಯೋಕಾಗಲ್ಲ.

ರಾತ್ರಿ_ಪಾಳಿ
ಜಮೈಕಾದ ಡಂಡರ್ ಗುಂಡಿ ಬಗ್ಗೆ ಯಾರೂ ಹೇಳಲಿಲ್ಲ ಯಾಕೆ? ನೆಲದಲ್ಲಿ ಗುಂಡಿ ತೋಡಿ ಡಂಡರ್ ಕೊಳೆಸಿ ಅದನ್ನ ರಮ್‌ಗೆ ಹಾಕ್ತಾರಂತೆ. ಸತ್ತ ಮೇಕೆ, ಬಾವಲಿನೂ ಎಸೀತಿದ್ರಂತೆ.

ಹುದುಗು_ಮನೆ
ಈ ಗೊಂದಲ ಎಲ್ಲ ಕಡೆ ಇದೆ, ಒಮ್ಮೆ ಬಿಡಿಸಿ ಹೇಳ್ತೀನಿ. ಡಂಡರ್ ಬೇರೆ, ಮಕ್ ಬೇರೆ.

ಡಂಡರ್ ಅಂದ್ರೆ ಭಟ್ಟಿ ಇಳಿಸಿದ ಮೇಲೆ ಹಂಡೆಯ ತಳದಲ್ಲಿ ಉಳಿಯೋ ಹುಳಿ ದ್ರವ. ಆಲ್ಕೋಹಾಲ್ ಹೋಗಿರುತ್ತೆ, ಆಮ್ಲ, ಪೋಷಕಾಂಶ, ಸತ್ತ ಯೀಸ್ಟ್ ಇರುತ್ತೆ. ಮುಂದಿನ ತೊಟ್ಟಿಗೆ ಸ್ವಲ್ಪ ಸುರಿದರೆ ಹುಳಿ ಏರುತ್ತೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಂತ ಕೆಲವರು ಹೇಳ್ತಾರೆ, ಅದು ಸರಿಯಾದ ಹೋಲಿಕೆಯಲ್ಲ. ಡಂಡರ್ ಕುದಿದು ಬಂದದ್ದು, ಅದರಲ್ಲಿ ಜೀವ ಇರಲ್ಲ.

ಜೀವ ಇರೋದು ಮಕ್ ಗುಂಡಿಯಲ್ಲಿ. ತೊಟ್ಟಿಯ ತಳದ ಗಸಿ, ಕಬ್ಬಿನ ಕಸ, ಡಂಡರ್ ಎಲ್ಲ ಸೇರಿ ಕೊಳೆಯೋ ಬ್ಯಾಕ್ಟೀರಿಯಾದ ಮನೆ ಅದು. ಬ್ಯುಟಿರಿಕ್ ಥರದ ಆಮ್ಲಗಳು ಅಲ್ಲಿಂದ ಬರ್ತವೆ. ಆ ಹುಳಿಯಲ್ಲಿ ಮಾಮೂಲಿ ಯೀಸ್ಟ್ ತತ್ತರಿಸುತ್ತೆ, ಸ್ಕಿಜೋಸ್ಯಾಕರೋಮೈಸಿಸ್ ಅನ್ನೋ ಬೇರೆ ಜಾತಿಯ ಯೀಸ್ಟ್ ಗಟ್ಟಿಯಾಗಿ ನಿಲ್ಲುತ್ತೆ. ಮೇಕೆ, ಬಾವಲಿ ಕಥೆಗಳನ್ನ ಪ್ರವಾಸಿಗರಿಗೆ ಬಿಡಿ. ಆಮ್ಲ ಮಾಡೋಕೆ ಸತ್ತ ಪ್ರಾಣಿ ಬೇಕಾಗಿಯೇ ಇಲ್ಲ.

ಇತಿಹಾಸದ_ಹುಚ್ಚು
ಜಮೈಕಾದ ಹ್ಯಾಂಪ್ಡನ್ ಡಿಸ್ಟಿಲರಿಯ ಗುರುತುಗಳನ್ನೂ ಹೇಳಲೇಬೇಕು. ಎಸ್ಟರ್ ಎಷ್ಟಿದೆ ಅನ್ನೋದರ ಮೇಲೆ ಅವರ ರಮ್‌ಗೆ ಅಕ್ಷರದ ಹೆಸರು. ತಳದಲ್ಲಿ 'ಓಡಬ್ಲ್ಯುಎಚ್', ತುದಿಯಲ್ಲಿ 'ಡಿಓಕೆ'. ಡಿಓಕೆಯಲ್ಲಿ 100 ಲೀಟರ್ ಶುದ್ಧ ಆಲ್ಕೋಹಾಲ್‌ಗೆ 1500ರಿಂದ 1600 ಗ್ರಾಂ ಎಸ್ಟರ್! ಜಮೈಕಾದಲ್ಲಿ 1600 ದಾಟುವ ಹಾಗಿಲ್ಲ.

ಇಷ್ಟು ಎಸ್ಟರ್ ಇರೋ ರಮ್ ಮೊದಲು ಹುಟ್ಟಿದ್ದು ಹಾಗೇ ಕುಡಿಯೋಕಲ್ಲ. ಜರ್ಮನಿಯಲ್ಲಿ ಆಮದು ರಮ್ ಮೇಲೆ ಭಾರಿ ಸುಂಕ ಬಿದ್ದಾಗ ಅಲ್ಲಿನ ವ್ಯಾಪಾರಿಗಳು ಸ್ವಲ್ಪ ತೀಕ್ಷ್ಣ ರಮ್ ತರಿಸಿ ಸಾದಾ ಸ್ಪಿರಿಟ್‌ಗೆ ಬೆರೆಸೋಕೆ ಶುರು ಮಾಡಿದರು. ರಮ್ ಫರ್ಷ್ನಿಟ್ ಅಂತ ಅದರ ಹೆಸರು. ಈಗಲೂ ಅದರ ಆಲ್ಕೋಹಾಲ್‌ನಲ್ಲಿ ಕನಿಷ್ಠ ಶೇ. 5 ಭಾಗ ರಮ್‌ನದು ಇದ್ದರೆ ಸಾಕು. ಅಂದ್ರೆ 1 ಲೀಟರ್ ರಮ್ 20 ಲೀಟರ್‌ಗೆ ವಾಸನೆ ಕೊಡಬೇಕು. ಅಷ್ಟು ಗಟ್ಟಿ ಇರಲೇಬೇಕಿತ್ತು.

ಪೀಪಾಯಿ_ಪಕ್ಷ
ಸರಿ, 'ಮುಕ್ಕಾಲು' ಅಂದದ್ದನ್ನ ಹಿಂದಕ್ಕೆ ತಗೋತೀನಿ. ಆದರೆ ಬಾರ್ಬಡೋಸ್‌ನ ಫೋರ್‌ಸ್ಕ್ವೇರ್ ಡಿಸ್ಟಿಲರಿ ನೋಡಿ. ಎಸ್ಟರ್ ಅಬ್ಬರ ಇಲ್ಲ, ಆದರೂ ಜಗತ್ತೇ ಹುಡುಕಿಕೊಂಡು ಹೋಗುತ್ತೆ. ಅಲ್ಲಿ ಮರದ್ದೇ ಆಟ ಅಲ್ವಾ?

ತಾಮ್ರದ_ಹಂಡೆ
ಇಬ್ಬರೂ ಮಧ್ಯದ ಹೆಜ್ಜೆ ಬಿಟ್ಟಿರಿ. ಫೋರ್‌ಸ್ಕ್ವೇರ್‌ನವರು ಪಾಟ್ ಸ್ಟಿಲ್ ರಮ್, ಕಾಲಂ ರಮ್ ಎರಡನ್ನೂ ಒಂದೇ ಕಡೆ ಮಾಡಿ ಬೆರೆಸ್ತಾರೆ. ಮರಕ್ಕಿಂತ ಮೊದಲು ಆ ಬೆರಕೆ ಮಾತಾಡುತ್ತೆ.

ಭಟ್ಟಿ ಕೆಲಸ ನನ್ನದು, ಹಾಗಾಗಿ ಹೇಳ್ತೀನಿ. ಕಾಲಂ ಅಂದ್ರೆ ಎತ್ತರದ ಕಂಬ, ಮೇಲಿಂದ ವಾಶ್ (ಹುದುಗಿದ ದ್ರವ) ಬೀಳ್ತಾ ಇರುತ್ತೆ, ಕೆಳಗಿಂದ ಹಬೆ ಏರ್ತಾ ಇರುತ್ತೆ, ದಿನವಿಡೀ ನಿಲ್ಲಲ್ಲ. ಏನೀಸ್ ಕಾಫಿ ಅನ್ನೋರು 1830ರಲ್ಲಿ ಪೇಟೆಂಟ್ ಮಾಡಿಸಿದ್ದು ಇಂಥದ್ದನ್ನೇ. ಕಂಬದೊಳಗಿನ ತಟ್ಟೆ ಹೆಚ್ಚಿಸ್ತಾ ಹೋದರೆ ಆಲ್ಕೋಹಾಲ್ ಶೇ. 95ರ ತನಕ ಏರಿಸಬಹುದು, ಆದರೆ ಏರಿದಷ್ಟೂ ರುಚಿ ಉದುರುತ್ತೆ. ಪಾಟ್ ಸ್ಟಿಲ್ ಹಾಗಲ್ಲ. ತಾಮ್ರದ ಹಂಡೆ ತುಂಬಿಸು, ಕಾಯಿಸು, ಇಳಿಸು, ಖಾಲಿ ಮಾಡು, ತೊಳಿ, ಮತ್ತೆ ತುಂಬಿಸು. ನಿಜವಾದ ಅರ್ಥದಲ್ಲಿ 'ಬ್ಯಾಚ್' ಅನ್ನೋ ಪದ ಸಲ್ಲೋದು ಇದಕ್ಕೆ. ಕೆರಿಬಿಯನ್‌ನ ಹಳೆ ಪದ್ಧತಿಯಲ್ಲಿ ಹಂಡೆಗೂ ಹಬೆ ತಣಿಸೋ ಕಂಡೆನ್ಸರ್‌ಗೂ ನಡುವೆ ರಿಟಾರ್ಟ್ ಅನ್ನೋ ಎರಡು ಸಣ್ಣ ಪಾತ್ರೆ ಇರ್ತವೆ. ಹಿಂದಿನ ಸಲದ ದುರ್ಬಲ ಸ್ಪಿರಿಟ್ ಒಂದರಲ್ಲಿ, ಗಟ್ಟಿ ಸ್ಪಿರಿಟ್ ಇನ್ನೊಂದರಲ್ಲಿ. ಹಂಡೆಯ ಹಬೆ ಅವುಗಳ ಮೂಲಕ ಗುಳುಗುಳು ಹಾದು ಒಂದೇ ಓಟದಲ್ಲಿ ಶೇ. 80 ದಾಟುತ್ತೆ.

ಆಮೇಲೆ ಕತ್ತರಿಸೋದು, ಅಂದ್ರೆ ಇಳಿಯೋ ಸ್ಪಿರಿಟ್ಟನ್ನ ಭಾಗ ಮಾಡೋದು. ಮೊದಲು ಬರೋದು ತಲೆ: ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್, ಮೂಗಿಗೆ ಚುಚ್ಚುತ್ತೆ. ನಡು ಬೇಕಾದದ್ದು. ಕೊನೆಗೆ ಬಾಲ: ಫ್ಯೂಸೆಲ್ ಎಣ್ಣೆ, ಕೊಬ್ಬಿನಾಮ್ಲ, ಒದ್ದೆ ರಟ್ಟಿನ ವಾಸನೆ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಮೀಟರ್ ಅರ್ಧ ಹೇಳುತ್ತೆ, ಉಳಿದದ್ದು ಮೂಗು. ನಾನು ಕಲೀತಿದ್ದಾಗ ಒಮ್ಮೆ ಹದಿನೈದು ನಿಮಿಷ ತಡ ಮಾಡಿದೆ, ಬಾಲ ನಡುವಿಗೆ ಸೇರಿಹೋಯ್ತು. ಹಿರಿಯರು ಬೈಯಲಿಲ್ಲ. ಒಂದು ಲೋಟಕ್ಕೆ ಸುರಿದು ನನ್ನ ಕೈಗೆ ಕೊಟ್ಟು ಸುಮ್ಮನೆ ನಿಂತರು. ಆ ವಾಸನೆ ಇವತ್ತಿಗೂ ಮೂಗಲ್ಲಿದೆ.

ಇನ್ನೊಂದು, ತಾಮ್ರ ಬಳಸೋದು ಚಂದ ಕಾಣಲಿ ಅಂತಲ್ಲ. ಹುದುಗಿನಲ್ಲಿ ಹುಟ್ಟೋ ಗಂಧಕದ ಕೆಟ್ಟ ವಾಸನೆಯನ್ನ ತಾಮ್ರ ಹಿಡಿದಿಟ್ಟುಕೊಳ್ಳುತ್ತೆ.

ಇತಿಹಾಸದ_ಹುಚ್ಚು
ತಾಮ್ರ ಅಂದಿರಿ, ಗಯಾನಾದಲ್ಲಿ ಮರದ ಭಟ್ಟಿಗಳಿವೆ! ಡಯಮಂಡ್ ಡಿಸ್ಟಿಲರಿಯಲ್ಲಿ ಇವತ್ತಿಗೂ ಮೂರು ಓಡ್ತಿವೆ: ಪೋರ್ಟ್ ಮೌರಂಟ್‌ನ ಜೋಡಿ ಹಂಡೆ, ವರ್ಸೇಲ್ಸ್‌ನ ಒಂಟಿ ಹಂಡೆ, ಎನ್ಮೋರ್‌ನ ಮರದ ಕಾಫಿ ಕಾಲಂ. ಗ್ರೀನ್‌ಹಾರ್ಟ್ ಅನ್ನೋ ಕಲ್ಲಿನಂಥ ಮರ. ಈ ಹೆಸರಿನ ಹಳೇ ಕಬ್ಬಿನ ತೋಟಗಳು ಒಂದೊಂದಾಗಿ ಮುಚ್ಚಿದಾಗ ಭಟ್ಟಿಗಳನ್ನ ಕಿತ್ತು ಸಾಗಿಸಿ ಉಳಿಸಿಕೊಂಡರು. ಅದನ್ನ ನೆನೆದರೆ ಮೈ ಜುಮ್ಮೆನ್ನುತ್ತೆ.

ಹೊಸಬ_ಬಂದೆ
ಓದ್ತಾ ಓದ್ತಾ ಮನೇಲೇ ಸಣ್ಣದಾಗಿ ಮಾಡಿ ನೋಡೋಣ ಅನಿಸ್ತಿದೆ. ಪ್ರೆಷರ್ ಕುಕ್ಕರ್‌ಗೆ ಕೊಳವೆ ಹಾಕಿದರೆ ಆಗಲ್ವಾ? ತಲೆ ಭಾಗ ಚೆಲ್ಲಿದರೆ ವಿಷದ ಮೆಥನಾಲ್ ಹೋಗುತ್ತೆ ಅಂತಾರೆ.

ತಾಮ್ರದ_ಹಂಡೆ
ದಯವಿಟ್ಟು ಬೇಡ. ಮೊದಲನೆಯದು, ಪರವಾನಗಿ ಇಲ್ಲದೆ ಭಟ್ಟಿ ಇಳಿಸೋದು ಬಹುತೇಕ ಎಲ್ಲ ದೇಶಗಳಲ್ಲೂ ಅಪರಾಧ. ಎರಡನೆಯದು, ಜೀವ ತೆಗೆಯೋದು ಹೆಚ್ಚಾಗಿ ಬೆಂಕಿ. ಎಥನಾಲ್ ಹಬೆ ಸೋರಿ ಒಲೆ ತಲುಪಿದರೆ ಓಡೋಕೂ ಸಮಯ ಸಿಗಲ್ಲ. ಮುಚ್ಚಿದ ಕುಕ್ಕರ್‌ನ ಕೊಳವೆ ಕಟ್ಟಿಕೊಂಡರೆ ಅದು ಬಾಂಬ್.

ಮೆಥನಾಲ್ ವಿಷಯದಲ್ಲೂ ನಿಮಗೆ ಹೇಳಿದೋರು ತಪ್ಪು ಹೇಳಿದ್ದಾರೆ. ಅದು ಬರೋದು ಮುಖ್ಯವಾಗಿ ಹಣ್ಣಿನ ಪೆಕ್ಟಿನ್‌ನಿಂದ. ಕಬ್ಬಿನಲ್ಲಿ ಪೆಕ್ಟಿನ್ ತೀರಾ ಕಡಿಮೆ. ಇದ್ದರೂ ಅದು ತಲೆಯಲ್ಲಿ ಮಾತ್ರ ಬರಲ್ಲ, ಓಟದ ಉದ್ದಕ್ಕೂ ಹರಡಿಕೊಂಡು ಬರುತ್ತೆ. ಸಾಮೂಹಿಕ ಸಾವುಗಳು ಆಗೋದು ಸಾಮಾನ್ಯವಾಗಿ ಕೈಗಾರಿಕೆಯ ಮೆಥನಾಲ್ ಬೆರೆಸಿದಾಗ.

ಹೊಸಬ_ಬಂದೆ
ಅರ್ಥ ಆಯ್ತು, ಕೈಬಿಟ್ಟೆ. ಧನ್ಯವಾದ.

ಲೆಕ್ಕದ_ಮಾಸ್ತರ
ಪೀಪಾಯಿ ವಿಷಯಕ್ಕೆ ವಾಪಸ್ ಬರ್ತೀನಿ. ಮರದ ರಂಧ್ರಗಳಿಂದ ಪ್ರತಿವರ್ಷ ಸ್ವಲ್ಪ ಆವಿಯಾಗುತ್ತೆ, 'ದೇವತೆಗಳ ಪಾಲು' ಅಂತಾರೆ. ತಂಪು ದೇಶದಲ್ಲಿ ಇದು ವರ್ಷಕ್ಕೆ ಶೇ. 2ರ ಆಸುಪಾಸು, ಉಷ್ಣವಲಯದಲ್ಲಿ ಶೇ. 6 ಅಥವಾ ಅದಕ್ಕೂ ಮೇಲೆ. 12 ವರ್ಷ ಲೆಕ್ಕ ಹಾಕಿ. ಶೇ. 2ರಂತೆ ಹೋದರೆ 200 ಲೀಟರ್‌ನಲ್ಲಿ 157 ಉಳಿಯುತ್ತೆ. ಶೇ. 6ರಂತೆ ಹೋದರೆ 95. ಅರ್ಧಕ್ಕಿಂತ ಹೆಚ್ಚು ಗಾಳಿಗೆ! ಹಾಗಾಗಿ ಕೆರಿಬಿಯನ್‌ನಲ್ಲಿ 12 ವರ್ಷ, ಸ್ಕಾಟ್ಲೆಂಡಿನಲ್ಲಿ 12 ವರ್ಷ ಒಂದೇ ಸಂಖ್ಯೆ ಆದರೂ ಒಂದೇ ಅರ್ಥ ಅಲ್ಲ.

ಪೀಪಾಯಿ_ಪಕ್ಷ
ಇದನ್ನೇ ಹೇಳೋಕೆ ಕಾಯ್ತಿದ್ದೆ. ಬಿಸಿಲಲ್ಲಿ ಮರ, ಸ್ಪಿರಿಟ್ ಎರಡೂ ಬೇಗ ಬೇಗ ಮಾತಾಡಿಕೊಳ್ತವೆ. ತುಂಬಾ ಬಿಟ್ಟರೆ ಒಗರು ಏರಿ ಮರ ಒಂದೇ ಉಳಿಯುತ್ತೆ. ಹಳೆಯದಾದಷ್ಟೂ ಒಳ್ಳೇದು ಅನ್ನೋದು ಸುಳ್ಳು.

ಒಂದೇ_ಸಾಲು
ಲೇಬಲ್‌ನಲ್ಲಿ ದೊಡ್ಡ ಸಂಖ್ಯೆ ಕಂಡರೆ, ಪಕ್ಕದಲ್ಲಿ 'ವರ್ಷ' ಅನ್ನೋ ಪದ ಇದೆಯಾ ನೋಡಿ.

ಲೆಕ್ಕದ_ಮಾಸ್ತರ
ಹೌದು, ತುಂಬಾ ಮುಖ್ಯ. ಸೊಲೇರಾ ಪದ್ಧತಿಯಲ್ಲಿ ಹಳೆಯದಕ್ಕೆ ಹೊಸದು ತುಂಬ್ತಾ ಹೋಗ್ತಾರೆ. ಅಲ್ಲಿ ಬರೆದ ಸಂಖ್ಯೆ ಅತಿ ಹಳೆಯ ಹನಿಯದಿರಬಹುದು. ಜಮೈಕಾ, ಬಾರ್ಬಡೋಸ್‌ನ ಪದ್ಧತಿಯಲ್ಲಿ ಬಾಟಲಿಯೊಳಗಿನ ಅತಿ ಕಿರಿಯ ರಮ್‌ನ ವಯಸ್ಸನ್ನೇ ಬರೀತಾರೆ. ಎರಡನೆಯದೇ ನಂಬಬಹುದಾದ ಮಾತು ಅಂತ ನನ್ನ ಅಭಿಪ್ರಾಯ.

ಸಿಹಿ_ಇಷ್ಟ
ನೀವೆಲ್ಲ ಎಸ್ಟರ್ ಹೊಗಳ್ತಿದ್ದೀರಿ. ನನಗೆ ಸಿಹಿ, ನಯವಾದ ರಮ್ಮೇ ಇಷ್ಟ. ಅದು ಪ್ರೀಮಿಯಂ ಅಲ್ವಾ?

ಮಾಪಕ_ಹಿಡಿದವ
ಇಷ್ಟಪಡಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಸಿಹಿ ಎಲ್ಲಿಂದ ಬಂತು ಅಂತ ತಿಳಿಸೋದು ಮಾಡಿದವರ ಕರ್ತವ್ಯ. ಸಕ್ಕರೆ ಹಬೆಯಾಗಿ ಏರಲ್ಲ, ಭಟ್ಟಿ ದಾಟಿದ ರಮ್‌ನಲ್ಲಿ ಸಕ್ಕರೆ ಸೊನ್ನೆ. ಮರದಿಂದ ಬರೋದು ಅತ್ಯಲ್ಪ. ನಾಲಗೆಗೆ ಪಾಕದ ಹಾಗೆ ಅಂಟಿದರೆ ಬಾಟಲಿ ತುಂಬೋ ಮೊದಲು ಸೇರಿಸಿದ್ದಾರೆ ಅಂತಲೇ ಅರ್ಥ. ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ ರಮ್‌ಗೆ ಲೀಟರ್‌ಗೆ 20 ಗ್ರಾಂ ಮಿತಿ ಇದೆ. ಅದಕ್ಕೂ ಮೊದಲು ಮಿತಿಯೇ ಇರಲಿಲ್ಲ. ಸ್ವೀಡನ್, ಫಿನ್ಲೆಂಡಿನ ಸರ್ಕಾರಿ ಮದ್ಯ ಮಾರಾಟ ಸಂಸ್ಥೆಗಳು ಸಕ್ಕರೆ ಪ್ರಮಾಣ ಅಳೆದು ಪ್ರಕಟಿಸಿದಾಗಲೇ ಎಷ್ಟೋ ಜನಕ್ಕೆ ವಿಷಯ ಗೊತ್ತಾಗಿದ್ದು.

ಮೊದಲ_ಗುಟುಕು, ನಿಮ್ಮ ಮೊದಲ ಬಾಟಲಿಯನ್ನ ನೀವೇ ಪರೀಕ್ಷಿಸಬಹುದು. ಆಲ್ಕೋಹಾಲ್ ಹೈಡ್ರೋಮೀಟರ್ ತಗೊಳ್ಳಿ, ರಮ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಅದು ಅಳೆಯೋದು ಸಾಂದ್ರತೆ. ಸಕ್ಕರೆ ಸಾಂದ್ರತೆ ಏರಿಸೋದರಿಂದ ಮಾಪಕ ಮೋಸಹೋಗಿ ಆಲ್ಕೋಹಾಲ್ ಕಡಿಮೆ ತೋರಿಸುತ್ತೆ. ಲೇಬಲ್ 40 ಅಂದು ಮಾಪಕ 35 ಅಂದರೆ ಲೀಟರ್‌ಗೆ ಸುಮಾರು 20 ಗ್ರಾಂ. ಅರ್ಧ, ಒಂದು ಅಂಶದ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಮರದ ಅಂಶದಿಂದಲೂ ಅಷ್ಟಾಗುತ್ತೆ.

ಸಿಹಿ_ಇಷ್ಟ
ನನಗೆ ಇದು ಗೊತ್ತೇ ಇರಲಿಲ್ಲ. ಮರದ ಗುಣ ಅಂದುಕೊಂಡಿದ್ದೆ. ಬೇಸರ ಆಯ್ತು.

ಕಬ್ಬಿನ_ಗರಿ
ಬಣ್ಣವನ್ನೂ ನಂಬಬೇಡಿ. ಕ್ಯಾರಮೆಲ್ ಬಣ್ಣ ಹಾಕೋದಕ್ಕೆ ಬಹಳ ಕಡೆ ಅನುಮತಿ ಇದೆ. ಕಪ್ಪಗಿದ್ದರೆ ಹಳೆಯದು ಅಂತಲ್ಲ. ಕ್ಯೂಬಾದಲ್ಲಿ ಪೀಪಾಯಿಯ ರಮ್ಮನ್ನ ಇದ್ದಿಲಲ್ಲಿ ಸೋಸಿ ಬಣ್ಣ ತೆಗೆಯೋದೂ ಇದೆ. ತಿಳಿಯಾಗಿದ್ದರೂ ಅದು ಮರ ಕಂಡ ರಮ್ಮೇ.

ರಾತ್ರಿ_ಪಾಳಿ
ಹಾಗಾದ್ರೆ ಲೇಬಲ್‌ನಲ್ಲಿ ಏನು ಹುಡುಕಬೇಕು? ಒಂದೇ ಮಾತಲ್ಲಿ ಹೇಳಿ ಯಾರಾದ್ರೂ.

ತಾಮ್ರದ_ಹಂಡೆ
ಯಾವ ಡಿಸ್ಟಿಲರಿ, ಯಾವ ಭಟ್ಟಿ.

ಹುದುಗು_ಮನೆ
ಎಷ್ಟು ದಿನ ಹುದುಗಿಸಿದರು. ಇದನ್ನ ಬರೆಯೋರು ಬೆರಳೆಣಿಕೆ, ಬರೆದಿದ್ದರೆ ಬಿಡದೆ ಓದಿ.

ಪೀಪಾಯಿ_ಪಕ್ಷ
ಎಲ್ಲಿ ಮಾಗಿಸಿದರು, ಉಷ್ಣವಲಯದಲ್ಲೋ ಯುರೋಪಿನ ಗೋದಾಮಿನಲ್ಲೋ. ಎಷ್ಟು ವರ್ಷ.

ಇತಿಹಾಸದ_ಹುಚ್ಚು
ಇಟಲಿಯ ರಮ್ ವ್ಯಾಪಾರಿ ಲೂಕಾ ಗಾರ್ಗಾನೋ, ಫೋರ್‌ಸ್ಕ್ವೇರ್‌ನ ರಿಚರ್ಡ್ ಸೀಲ್ ಹೋರಾಡ್ತಾ ಬಂದದ್ದು ಇದಕ್ಕೇ. ಬಿಳಿ, ಚಿನ್ನ, ಕಪ್ಪು ಅಂತ ಬಣ್ಣ ನೋಡಿ ವಿಂಗಡಿಸೋದು ಬಿಟ್ಟು ಭಟ್ಟಿ ನೋಡಿ ವಿಂಗಡಿಸಿ ಅಂದರು. ಒಂದೇ ಡಿಸ್ಟಿಲರಿಯ ಪಾಟ್ ಸ್ಟಿಲ್ ಕಾಕಂಬಿ ರಮ್ 'ಪ್ಯೂರ್ ಸಿಂಗಲ್', ಒಂದೇ ಕಡೆಯ ಪಾಟ್, ಕಾಲಂ ಎರಡೂ ಬೆರೆತರೆ 'ಸಿಂಗಲ್ ಬ್ಲೆಂಡೆಡ್'. ಟ್ರಿನಿಡಾಡ್‌ನ ಕರೋನಿ ಡಿಸ್ಟಿಲರಿ 2003ರಲ್ಲಿ ಬಾಗಿಲು ಹಾಕಿದ ಮೇಲೆ ಅಲ್ಲಿ ಉಳಿದಿದ್ದ ಪೀಪಾಯಿಗಳನ್ನ ಕೊಂಡು ಬಾಟಲಿ ಮಾಡಿಸಿದ್ದೂ ಇದೇ ಗಾರ್ಗಾನೋ. ಆ ಟಾರು, ರಬ್ಬರ್ ವಾಸನೆಯ ರಮ್ ಇನ್ನು ಯಾರೂ ಮಾಡೋಕಾಗಲ್ಲ.

ಮೊದಲ_ಗುಟುಕು
ಎಲ್ಲರಿಗೂ ಧನ್ಯವಾದ. ಹೈಡ್ರೋಮೀಟರ್ ತರಿಸಿ ಅಳೆದೆ. ಸಿಹಿ ಬಾಟಲಿ: ಲೇಬಲ್ 40, ಮಾಪಕ 36. ಅನಾನಸ್ ಬಾಟಲಿ: ಲೇಬಲ್ 57, ಮಾಪಕ 56.5. ಮೊದಲನೆಯದರ ಲೇಬಲ್ ಮೂರು ಸಲ ಓದಿದೆ, ಡಿಸ್ಟಿಲರಿಯ ಹೆಸರೇ ಇಲ್ಲ. ಎರಡನೆಯದರ ಹಿಂಬದಿಯಲ್ಲಿ ಭಟ್ಟಿ, ಹುದುಗಿದ ದಿನ, ಮಾಗಿಸಿದ ಜಾಗ, ವರ್ಷ ಎಲ್ಲ ಸಣ್ಣ ಅಕ್ಷರದಲ್ಲಿದೆ, ನಾನೇ ನೋಡಿರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ: ಆ ಅಂಟಿನ ವಾಸನೆ ಕಡಿಮೆ ಮಾಡೋಕಾಗುತ್ತಾ?

ಮಾಪಕ_ಹಿಡಿದವ
36 ಅಂದ್ರೆ ಲೀಟರ್‌ಗೆ ಸುಮಾರು 15 ಗ್ರಾಂ.

ಹುದುಗು_ಮನೆ
ಲೋಟಕ್ಕೆ ಸುರಿದು ಇಪ್ಪತ್ತು ನಿಮಿಷ ಮುಟ್ಟಬೇಡಿ. ಈಥೈಲ್ ಅಸಿಟೇಟ್ ಬೇಗ ಹಾರಿಹೋಗೋ ಜಾತಿ, ಅದೇ ಮೊದಲು ಎದ್ದು ಹೋಗುತ್ತೆ. ಆಮೇಲೆ ನಾಲ್ಕು ಹನಿ ನೀರು ಹಾಕಿ ಮೂಗಿಗೆ ಹಿಡೀರಿ.

ಮೊದಲ_ಗುಟುಕು
ಮಾಡಿದೆ. ಅಂಟು ಬಹುತೇಕ ಹೋಯ್ತು, ಅನಾನಸ್ ಹಾಗೇ ನಿಂತಿದೆ. ಅದರ ಕೆಳಗೆ ಮೊದಲ ಸಲ ಸಿಗದ ಇನ್ನೊಂದು ವಾಸನೆ ಇದೆ, ಉಪ್ಪು ನೀರಲ್ಲಿ ನೆನೆಸಿದ ಆಲಿವ್ ಥರ.

ಹುದುಗು_ಮನೆ
ಸಿಕ್ಕಿತಲ್ಲ! ಹುಳಿ ತೊಟ್ಟಿಯಲ್ಲಿ ಬಹಳ ದಿನ ಬಿಟ್ಟ ರಮ್‌ನಲ್ಲಿ ನಾನು ಮೊದಲು ಹುಡುಕೋದು ಅದನ್ನೇ. ಹುದುಗಿದ ದಿನ ಎಷ್ಟು ಅಂತ ಬರೆದಿದೆ ಅದರಲ್ಲಿ?

ಮೊದಲ_ಗುಟುಕು
ಹದಿನಾಲ್ಕು.